ಕೊಳ್ಳುವ ಸೇರು, ಮಾರುವ ಸೇರು

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯಲ್ಲಿ, ತಾಂಡವಪುರದ ಬಳಿ ತಾಂಡ್ಯ ಕೈಗಾರಿಕಾ ಪ್ರದೇಶವಿದೆ. ಪಾಳಿ ಬದಲಾಗುವ ಹೊತ್ತಿಗೆ ಅಲ್ಲಿನ ಟೀ ಅಂಗಡಿಗಳ ಮುಂದೆ ನಿಂತರೆ ಕೆಲವು ಪದಗಳು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ಹಾಜರಿ, ರಜಾ, ತಕರಾರು, ರಾಜೀನಾಮೆ, ಕಾಯಂ. ಇವೆಲ್ಲ ಅರಬಿ ಮತ್ತು ಪಾರಸಿಯಿಂದ ಬಂದ ಪದಗಳು. ಆದರೆ ಹಣೆಗೆ ವಿಭೂತಿ ಹಚ್ಚಿದವನೂ ತಲೆಗೆ ಟೋಪಿ ಇಟ್ಟವನೂ ಶಿಲುಬೆ ಕಟ್ಟಿಕೊಂಡವನೂ ಒಂದೇ ಬೆಂಚಿನಲ್ಲಿ ಕೂತು ಇವೇ ಪದಗಳಲ್ಲಿ ಕಷ್ಟಸುಖ ಹೇಳಿಕೊಳ್ಳುತ್ತಾರೆ. ಪದ ಎಲ್ಲಿಂದ ಬಂತೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಕೇಳಿದರೂ ಪ್ರಯೋಜನವಿಲ್ಲ. ‘ರಾಜೀನಾಮೆ’ಯನ್ನೇ ನೋಡಿ. ಪಾರಸಿಯಲ್ಲಿ ಅದು ಇಬ್ಬರು ಒಪ್ಪಿ ಬರೆದುಕೊಡುವ ಪತ್ರ, ಅಂದರೆ ರಾಜಿಪತ್ರ. ಉರ್ದು ಮಾತನಾಡುವವರು ಕೆಲಸ ಬಿಡುವುದನ್ನು ‘ಇಸ್ತೀಫಾ’ ಎನ್ನುತ್ತಾರೆಯೇ ಹೊರತು ರಾಜೀನಾಮೆ ಎನ್ನುವುದಿಲ್ಲ. ಕನ್ನಡದಲ್ಲಾದರೋ ರಾಜೀನಾಮೆ ಎಂದರೆ ಕೆಲಸ ಬಿಟ್ಟು ಹೋಗುವುದು. ಮೂಲವೇ ಅರ್ಥ ಎಂದು ಯಾರಾದರೂ ಹಠ ಹಿಡಿದರೆ, ಜಗಳವಾಡಿ ಕೆಲಸ ಬಿಟ್ಟವನು ಮಾಲೀಕನೊಂದಿಗೆ ರಾಜಿಯಾಗಿದ್ದಾನೆ ಎಂದು ವಾದಿಸಬೇಕಾಗುತ್ತದೆ!

ಹಾಗೆಂದು ತಾಂಡ್ಯದಲ್ಲಿ ಪದಗಳ ಜಗಳವೇ ಇಲ್ಲ ಎನ್ನಲಾಗದು. ‘ಕಾಯಂ’ ಎಂಬ ಪದದ ಸುತ್ತ ಇಡೀ ಬದುಕೇ ತಿರುಗುತ್ತದೆ. ಹತ್ತು ವರ್ಷದಿಂದ ಅದೇ ಯಂತ್ರದ ಮುಂದೆ ನಿಂತವನು ಕಾಯಂ ನೌಕರನೋ, ಗುತ್ತಿಗೆದಾರನ ಆಳೋ? ಈ ಪದದ ಅರ್ಥ ಏನೆಂದು ನಾವು ಒಬ್ಬರನ್ನು ಕೇಳಿದೆವು. “ಕಾಯಂ ಅಂದ್ರೆ ಬ್ಯಾಂಕ್‌ನೋರು ಸಾಲ ಕೊಡ್ತಾರೆ ಅಂತ ಅರ್ಥ ಸಾರ್” ಎಂದರು. ಯಾವ ನಿಘಂಟಿನಲ್ಲೂ ಸಿಗದ ಅರ್ಥ ಇದು. ಆದರೆ ಆ ಗೇಟಿನ ಮುಂದೆ ಇದಕ್ಕಿಂತ ಸರಿಯಾದ ಅರ್ಥ ಇನ್ನೊಂದಿಲ್ಲ.

ನಮ್ಮ ನ್ಯಾಯಾಲಯಗಳಿಗೂ ಇದು ಗೊತ್ತಿಲ್ಲದ್ದಲ್ಲ. ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ನೌಕರರಿಗೆ ದಂಡ ಹಾಕಿದ ಒಂದು ಸಣ್ಣ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನಾವು ಜನರಿಗೆ ನೀರು ಕೊಡುವವರು, ನಮ್ಮದು ‘ಉದ್ಯಮ’ವಲ್ಲ, ಆದ್ದರಿಂದ ಕಾರ್ಮಿಕ ಕಾನೂನು ನಮಗೆ ಅನ್ವಯಿಸುವುದಿಲ್ಲ ಎಂಬುದು ಮಂಡಳಿಯ ವಾದವಾಗಿತ್ತು. 1978ರಲ್ಲಿ ಏಳು ನ್ಯಾಯಾಧೀಶರ ಪೀಠವು ಬಹುಮತದಿಂದ ‘ಉದ್ಯಮ’ ಎಂಬ ಪದಕ್ಕೆ ವಿಶಾಲ ಅರ್ಥ ಕೊಟ್ಟಿತು. ಆ ಒಂದು ಪದ ಹಿಗ್ಗಿದ್ದರಿಂದ ಆಸ್ಪತ್ರೆ, ಶಾಲೆ, ಮಂಡಳಿಗಳ ಅಸಂಖ್ಯ ನೌಕರರು ಕಾರ್ಮಿಕ ಕಾನೂನಿನ ನೆರಳಿಗೆ ಬಂದರು. ಪದದ ಅರ್ಥದ ಬಗ್ಗೆ ನಡೆಯುವ ಜಗಳ ಪಂಡಿತರ ಕಾಲಹರಣ ಎಂದು ತಿಳಿಯುವವರು ಈ ತೀರ್ಪನ್ನು ನೆನಪಿಡಬೇಕು.

ಈ ಲೇಖನದಲ್ಲಿ ನಾವು ಎತ್ತಬಯಸುವ ಪ್ರಶ್ನೆ ಇಷ್ಟೇ. ಒಂದು ಪದದ ಅರ್ಥವನ್ನು ಯಾವುದರಿಂದ ಅಳೆಯಬೇಕು? ಅದು ಹುಟ್ಟಿದ ಊರಿನಿಂದಲೋ, ಅದು ಬದುಕುತ್ತಿರುವ ಜಾಗದಿಂದಲೋ? ಮತ್ತು ನಮಗೊಂದು ಅಳತೆ, ಇತರರಿಗೊಂದು ಅಳತೆ ಇಟ್ಟುಕೊಂಡಾಗ ಏನಾಗುತ್ತದೆ?

ವೈದ್ಯನಾದ ದೇವರು, ಹೆಸರು ಕಳೆದುಕೊಂಡ ಆರತಿ

ತಾಂಡ್ಯದಿಂದ ಮುಂದೆ ಸಾಗಿ ಕಪಿಲಾ ನದಿ ದಾಟಿದರೆ ನಂಜನಗೂಡು. ಊರಿನ ಹೆಸರಲ್ಲೇ ಒಂದು ಕಥೆಯಿದೆ. ನಂಜನ್ನು ಉಂಡವನು ನಂಜುಂಡ, ಅವನ ನೆಲೆ ನಂಜನಗೂಡು. ರೋಗಿಗಳು ಹರಕೆ ಹೊತ್ತು ಬರುವ ಈ ಕ್ಷೇತ್ರದ ಶ್ರೀಕಂಠೇಶ್ವರನಿಗೆ ಇನ್ನೊಂದು ಹೆಸರೂ ಇದೆ. ಅದು ‘ಹಕೀಂ ನಂಜುಂಡ’. ಟಿಪ್ಪು ಸುಲ್ತಾನನ ಆನೆಗೆ ಕಣ್ಣು ಹೋಗಿತ್ತೆಂದೂ, ಇಲ್ಲಿ ಹರಕೆ ಹೊತ್ತ ಮೇಲೆ ದೃಷ್ಟಿ ಮರಳಿತೆಂದೂ, ಆ ಕೃತಜ್ಞತೆಯಿಂದ ಅವನು ಹಸಿರು ಶಿಲೆಯ ಲಿಂಗವನ್ನು ಒಪ್ಪಿಸಿ ದೇವರನ್ನು ಹಕೀಂ ಎಂದು ಕರೆದನೆಂದೂ ಪ್ರತೀತಿ. ಆನೆಯ ಕಥೆಯನ್ನು ಇತಿಹಾಸಕಾರರು ಒರೆಗೆ ಹಚ್ಚಲಿ. ನಮಗೆ ಕುತೂಹಲ ಹುಟ್ಟಿಸುವುದು ಆ ಹೆಸರು ಇಷ್ಟು ಕಾಲ ಉಳಿದ ಬಗೆ.

ಯಾಕೆಂದರೆ ಜಗಳವಾಡಲು ಮನಸ್ಸಿದ್ದರೆ ಈ ಹೆಸರಿನಲ್ಲಿ ಬೇಕಾದಷ್ಟು ಸಾಮಗ್ರಿಯಿದೆ. ‘ಅಲ್ ಹಕೀಂ’ ಎಂಬುದು ಕುರ್‌ಆನಿನಲ್ಲಿ ಅಲ್ಲಾಹನ ಹೆಸರುಗಳಲ್ಲೊಂದು. ಯುಕ್ತಿಪೂರ್ಣನು, ಎಲ್ಲವನ್ನೂ ಬಲ್ಲ ವಿವೇಕಿ ಎಂದು ಅದರ ಅರ್ಥ. ಆ ಹೆಸರನ್ನು ಒಂದು ದೇವಾಲಯದ ಮೂರ್ತಿಗೆ ಕೊಡುವುದು ಸರಿಯೇ ಎಂದು ಮುಸ್ಲಿಮನೊಬ್ಬ ಕೇಳಬಹುದು. ನಮ್ಮ ದೇವರಿಗೆ ಅರಬಿ ಹೆಸರೇಕೆ ಎಂದು ಹಿಂದೂವೊಬ್ಬ ಕೇಳಬಹುದು. ಎರಡೂ ಪ್ರಶ್ನೆಗಳು ಮೂಲವನ್ನು ಹಿಡಿದು ಹೊರಟವು. ಆದರೆ ಹಳೆ ಮೈಸೂರಿನ ಹಳ್ಳಿಗಾಡಿನಲ್ಲಿ ಹಕೀಂ ಎಂದರೆ ನಾಡಿ ನೋಡಿ ಮದ್ದು ಕೊಡುವವನು. ದೇವರನ್ನು ಹಾಗೆ ಕರೆದವರು ಹೇಳಿದ್ದು ‘ವೈದ್ಯ’ ಎಂದು. ಕೇಳಿಸಿಕೊಂಡವರಿಗೆ ಕೇಳಿಸಿದ್ದೂ ‘ವೈದ್ಯ’ ಎಂದೇ. ಹೇಳಿದವನ ಮನಸ್ಸಿನಲ್ಲಿದ್ದುದೂ ಕೇಳಿದವನ ಮನಸ್ಸಿಗೆ ತಲುಪಿದ್ದೂ ಒಂದೇ ಆದಾಗ ಜಗಳಕ್ಕೆ ಎಡೆಯೆಲ್ಲಿ?

ಅದೇ ಅರಬಿ ಮೂಲದಿಂದ ಹುಟ್ಟಿದ ಇನ್ನೊಂದು ಪದ ‘ಹುಕುಂ’. ನಂಜನಗೂಡು, ತಿರುಮಕೂಡಲು ನರಸೀಪುರ ತಾಲೂಕುಗಳ ಯಾವ ಬಡ ರೈತನಿಗೂ ‘ಬಗರ್ ಹುಕುಂ’ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಹುಕುಂ ಇಲ್ಲದೆ ಉಳುಮೆ ಮಾಡಿಕೊಂಡ ಸರಕಾರಿ ಜಮೀನು ಅದು. ಅದನ್ನು ಸಕ್ರಮಗೊಳಿಸಿಕೊಳ್ಳಲು ಅವನು ತಾಲೂಕು ಕಚೇರಿಗೆ ಅರ್ಜಿ ಹಿಡಿದು ಅಲೆಯುತ್ತಾನೆ. ತಾಲೂಕು, ಅರ್ಜಿ, ಜಮೀನು, ತಹಶೀಲ್ದಾರ್, ಇವುಗಳಲ್ಲಿ ಒಂದಾದರೂ ಸಂಸ್ಕೃತದ ಪದವೇ? ಇವನ್ನು ಬದಲಿಸಿ ಎಂದು ಯಾರೂ ಚಳವಳಿ ಹೂಡಿಲ್ಲ.

ಹೀಗಿರುವಾಗ ಒಂದು ಪದ ಮಾತ್ರ ಹೊರಗಿನದಾಗಿ ಕಾಣಿಸಿದ್ದು ಹೇಗೆ? 2022ರ ಡಿಸೆಂಬರಿನಲ್ಲಿ ರಾಜ್ಯ ಸರಕಾರವು ದೇವಾಲಯಗಳಲ್ಲಿ ನಡೆಯುವ ಕೆಲವು ಆರತಿಗಳ ಹೆಸರು ಬದಲಿಸುವ ತೀರ್ಮಾನ ಪ್ರಕಟಿಸಿತು. ಮೇಲುಕೋಟೆಯ ಚೆಲುವನಾರಾಯಣಸ್ವಾಮಿ ದೇವಾಲಯದ ‘ದೀವಟಿಗೆ ಸಲಾಂ’ ಇನ್ನು ಮುಂದೆ ‘ದೀವಟಿಗೆ ನಮಸ್ಕಾರ’. ‘ಸಲಾಂ ಆರತಿ’ ಇನ್ನು ‘ಆರತಿ ನಮಸ್ಕಾರ’. ‘ಸಲಾಂ ಮಂಗಳಾರತಿ’ ಇನ್ನು ‘ಮಂಗಳಾರತಿ ನಮಸ್ಕಾರ’. ಆಚರಣೆ ಎಂದಿನಂತೆ ನಡೆಯುತ್ತದೆ, ಹೆಸರಷ್ಟೇ ಬೇರೆ ಎಂದು ಅಂದಿನ ಮುಜರಾಯಿ ಸಚಿವೆ ಶಶಿಕಲಾ ಜೊಲ್ಲೆ ತಿಳಿಸಿದರು. ಸಲಾಂ ನಮ್ಮ ಪದವಲ್ಲ ಎಂಬುದು ಬದಲಾವಣೆ ಬಯಸಿದವರ ವಾದವಾಗಿತ್ತು.

ಆಚರಣೆ ಹಾಗೆಯೇ ಉಳಿಯುತ್ತದೆ ಎಂದರೆ, ಆ ಪದ ಆ ದೇವಾಲಯದಲ್ಲಿ ಏನು ಕೆಲಸ ಮಾಡುತ್ತಿತ್ತೋ ಅದರಲ್ಲಿ ತಪ್ಪಿರಲಿಲ್ಲ ಎಂದು ಒಪ್ಪಿದಂತಾಯಿತು. ಪಂಜು ಹಿಡಿದು ದೇವರಿಗೆ ರಾಜಮರ್ಯಾದೆ ಸಲ್ಲಿಸುವವರಿಗೆ ಸಲಾಂ ಎಂದರೆ ಗೌರವದ ವಂದನೆ. ಹಾಗಾದರೆ ತಪ್ಪು ಎಲ್ಲಿತ್ತು? ಪದ ಹುಟ್ಟಿದ ಊರಿನಲ್ಲಿ ಮಾತ್ರ. ಇನ್ನೊಂದು ವಿಪರ್ಯಾಸವನ್ನೂ ಗಮನಿಸಿ. ಹೆಸರು ಬದಲಿಸಿದ ಇಲಾಖೆಯನ್ನು ಜನ ಕರೆಯುವುದು ‘ಮುಜರಾಯಿ’ ಎಂದು. ಅದೂ ಅರಬಿಯಿಂದ ಪಾರಸಿಯ ಮೂಲಕ ನಮ್ಮ ಕಂದಾಯದ ಲೆಕ್ಕಪತ್ರಗಳಿಗೆ ಬಂದ ಪದ, ಲೆಕ್ಕದಲ್ಲಿ ಬಿಟ್ಟುಕೊಟ್ಟದ್ದು ಎಂಬ ಅರ್ಥದ್ದು. ನೆರೆಯ ಮರಾಠಿಯಲ್ಲಿ ಇಂದಿಗೂ ‘ಮುಜರಾ’ ಎಂದರೆ ಬಾಗಿ ಸಲ್ಲಿಸುವ ವಂದನೆ, ಅಂದರೆ ಸಲಾಂ! ಅರ್ಚಕರಿಗೆ ಸರಕಾರ ಕೊಡುವ ವಾರ್ಷಿಕ ಹಣದ ಹೆಸರು ‘ತಸ್ತೀಕ್’. ಅದೂ ಅರಬಿಯೇ. ಆರತಿಯ ಹೆಸರು ಹೋಯಿತು, ಆರತಿ ಎತ್ತುವವರ ತಸ್ತೀಕಿನ ಹೆಸರು ಉಳಿಯಿತು.

ಈ ತಪ್ಪನ್ನು ಒಂದೇ ಕಡೆಯವರು ಮಾಡುತ್ತಾರೆ ಎಂದು ನಾವು ಹೇಳುತ್ತಿಲ್ಲ. ಅದಕ್ಕೆ ಒಂದು ತಿಂಗಳ ಹಿಂದೆ, 2022ರ ನವೆಂಬರಿನಲ್ಲಿ, ನಿಪ್ಪಾಣಿಯ ಸಭೆಯೊಂದರಲ್ಲಿ ಕಾಂಗ್ರೆಸ್ ನಾಯಕ ಸತೀಶ್ ಜಾರಕಿಹೊಳಿಯವರು ‘ಹಿಂದೂ’ ಎಂಬ ಪದ ಪಾರಸಿಯದು, ಅದರ ಅರ್ಥ ತಿಳಿದರೆ ನಾಚಿಕೆಯಾಗುತ್ತದೆ ಎಂಬ ಧಾಟಿಯಲ್ಲಿ ಮಾತನಾಡಿದರು. ದೊಡ್ಡ ಗದ್ದಲವೆದ್ದಿತು. ಕೆಲವೇ ದಿನಗಳಲ್ಲಿ ಅವರು ಆ ಮಾತನ್ನು ಹಿಂದಕ್ಕೆ ಪಡೆದರು. ಸಿಂಧೂ ನದಿಯ ಹೆಸರು ಪಾರಸಿಕರ ನಾಲಿಗೆಯಲ್ಲಿ ಹಿಂದೂ ಆಯಿತು ಎಂಬುದು ಭಾಷಾಶಾಸ್ತ್ರಜ್ಞರು ಒಪ್ಪುವ ಮಾತು. ಮುಂದೆ ಪಾರಸಿ ಕಾವ್ಯದಲ್ಲಿ ಆ ಪದಕ್ಕೆ ಕಪ್ಪು ಬಣ್ಣದವನು, ಗುಲಾಮ ಎಂಬ ಅರ್ಥಗಳೂ ಸೇರಿಕೊಂಡದ್ದುಂಟು. ಆದರೆ ತನ್ನನ್ನು ಹಿಂದೂ ಎಂದು ಕರೆದುಕೊಳ್ಳುವ ನಂಜನಗೂಡಿನ ರೈತನು ಆ ಯಾವ ಅರ್ಥದಲ್ಲೂ ಆ ಪದವನ್ನು ಆಡುವುದಿಲ್ಲ. ಅವನು ಬದುಕುತ್ತಿರುವ ಪದವನ್ನು ಎಲ್ಲೋ ಸಿಕ್ಕ ಒಂದು ನಿಘಂಟಿನ ಸಾಲಿನಿಂದ ಅಳೆಯುವುದು ಅನ್ಯಾಯ. ಸಲಾಂ ಪದಕ್ಕಾದ ಅನ್ಯಾಯವೂ ಹಿಂದೂ ಪದಕ್ಕಾದ ಅನ್ಯಾಯವೂ ಒಂದೇ ಜಾತಿಯವು.

ಒಂದು ಸುತ್ತೋಲೆ, ಒಂದು ಪದ

ಮೂಲದ ಹೆಸರಿನಲ್ಲಿ ನಡೆಯುವ ಈ ಜಗಳಗಳು ಮನಸ್ಸನ್ನು ನೋಯಿಸುತ್ತವೆ, ಅಷ್ಟೇ. ಅದೇ ವರ್ಷದ ಆರಂಭದಲ್ಲಿ ನಡೆದ ಇನ್ನೊಂದು ಪದದ ಜಗಳ ಸಾವಿರಾರು ಹೆಣ್ಣುಮಕ್ಕಳ ಓದಿಗೇ ತಗುಲಿತು. ಹಿಜಾಬ್ ವಿವಾದದ ಬಗ್ಗೆ ಈಗಾಗಲೇ ಬಹಳ ಬರೆಯಲಾಗಿದೆ. ನಾವು ಇಲ್ಲಿ ಅದರ ಒಂದೇ ಒಂದು ಎಳೆಯನ್ನು ಎತ್ತಿಕೊಳ್ಳುತ್ತೇವೆ. ಅದು ಕನ್ನಡದ ಒಂದು ಪದಕ್ಕೆ ಸಂಬಂಧಿಸಿದ್ದು.

2022ರ ಫೆಬ್ರವರಿ 5ರಂದು ಶಿಕ್ಷಣ ಇಲಾಖೆ ಹೊರಡಿಸಿದ ಆದೇಶ ಕನ್ನಡದಲ್ಲಿತ್ತು. ಸಮವಸ್ತ್ರ ನಿಗದಿಯಾಗಿರದ ಕಡೆ ಸಮಾನತೆಗೆ, ಐಕ್ಯತೆಗೆ ಮತ್ತು ‘ಸಾರ್ವಜನಿಕ ಸುವ್ಯವಸ್ಥೆ’ಗೆ ಭಂಗ ತರುವ ಉಡುಪನ್ನು ಧರಿಸಬಾರದು ಎಂಬುದು ಅದರ ತಾತ್ಪರ್ಯ. ಈ ‘ಸಾರ್ವಜನಿಕ ಸುವ್ಯವಸ್ಥೆ’ ಎಂದರೆ ಏನು? ಹೈಕೋರ್ಟಿನಲ್ಲಿ ವಿದ್ಯಾರ್ಥಿನಿಯರ ಪರ ಹಿರಿಯ ವಕೀಲ ದೇವದತ್ತ ಕಾಮತ್ ಇದೇ ಪದವನ್ನು ಹಿಡಿದರು. ಸಂವಿಧಾನದ 25ನೇ ವಿಧಿಯು ಧಾರ್ಮಿಕ ಸ್ವಾತಂತ್ರ್ಯವನ್ನು ಕೊಡುವಾಗ ಅದಕ್ಕೆ ಮಿತಿಯಾಗಿ ಮೊದಲು ಹೇಳುವುದು ಪಬ್ಲಿಕ್ ಆರ್ಡರ್ ಎಂದು. ಸಂವಿಧಾನದ ಕನ್ನಡ ಅನುವಾದದಲ್ಲಿ ಅದಕ್ಕೆ ಬಳಸಿರುವ ಪದ ಸಾರ್ವಜನಿಕ ಸುವ್ಯವಸ್ಥೆ. ಆದ್ದರಿಂದ ಸರಕಾರ ಈ ಪದ ಬಳಸಿದ್ದರೆ, ತಲೆಯ ಮೇಲಿನ ಒಂದು ಬಟ್ಟೆ ಸಾರ್ವಜನಿಕ ಸುವ್ಯವಸ್ಥೆಗೆ ಹೇಗೆ ಧಕ್ಕೆ ತರುತ್ತದೆ ಎಂದು ತೋರಿಸುವ ಹೊಣೆ ಸರಕಾರದ್ದು ಎಂಬುದು ಅವರ ವಾದ.

ಸರಕಾರದ ಉತ್ತರವೇನಿತ್ತು? ಆದೇಶದಲ್ಲಿನ ಪದವನ್ನು ಸಂವಿಧಾನದ ಅರ್ಥದಲ್ಲಿ ಓದಬಾರದು ಎಂಬುದು. ಮಾರ್ಚ್ 15ರ ತೀರ್ಪಿನಲ್ಲಿ ಹೈಕೋರ್ಟು ಈ ಉತ್ತರವನ್ನು ಒಪ್ಪಿತು. ಸರಕಾರಿ ಆದೇಶದ ಮಾತುಗಳನ್ನು ಶಾಸನದ ಮಾತುಗಳಂತೆ ಹಿಂಜಬಾರದು, ಸಾಮಾನ್ಯ ತಿಳಿವಳಿಕೆಯಿಂದ ಓದಬೇಕು, ಭಾಷೆಯ ಎಡವಟ್ಟುಗಳಿಗೆ ಒಂದಿಷ್ಟು ರಿಯಾಯಿತಿ ಕೊಡಬೇಕು ಎಂದಿತು. ಆದೇಶವನ್ನು ಇನ್ನೂ ಚೆನ್ನಾಗಿ ಬರೆಯಬಹುದಿತ್ತು ಎಂಬುದನ್ನೂ ಒಪ್ಪಿಕೊಂಡಿತು.

ಆಡಳಿತದ ಆದೇಶವೇ ಬೇರೆ, ಶಾಸನವೇ ಬೇರೆ ಎಂಬ ತತ್ವದಲ್ಲಿ ಹುರುಳಿದೆ. ಗುಮಾಸ್ತರು ಬರೆಯುವ ಪ್ರತಿ ಸಾಲನ್ನೂ ಸಂವಿಧಾನದ ಸಾಲಿನಂತೆ ಓದತೊಡಗಿದರೆ ಆಡಳಿತ ನಡೆಯುವುದೇ ಕಷ್ಟ. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಪದವನ್ನು ಅದು ಬದುಕುವ ಜಾಗದಲ್ಲಿ ಅಳೆಯಬೇಕು ಎಂದು ಮೇಲೆ ಹೇಳಿದವರೂ ನಾವೇ. ಆದರೆ ‘ಸಾರ್ವಜನಿಕ ಸುವ್ಯವಸ್ಥೆ’ ಬದುಕುವ ಜಾಗ ಯಾವುದು? ಮನೆಯಲ್ಲಿ, ಸಂತೆಯಲ್ಲಿ ಯಾರೂ ಆಡುವ ಪದವಲ್ಲ ಅದು. ಮದುವೆಯ ಊಟದಲ್ಲಿ ಸಾರ್ವಜನಿಕ ಸುವ್ಯವಸ್ಥೆ ಚೆನ್ನಾಗಿತ್ತು ಎಂದು ಯಾರಾದರೂ ಹೇಳಿದ್ದುಂಟೆ? ಅದು ಹುಟ್ಟಿದ್ದೂ ಬೆಳೆದದ್ದೂ ಕಾನೂನಿನ ಕನ್ನಡದಲ್ಲಿ. ಒಬ್ಬರ ಹಕ್ಕನ್ನು ತಡೆಯುವ ಆದೇಶದಲ್ಲಿ ಆ ಪದವನ್ನು ತಂದಿಟ್ಟ ಮೇಲೆ, ಅದರ ಅರ್ಥ ಮಾತ್ರ ಸಡಿಲ ಎನ್ನುವುದು ಹೇಗೆ?

ಇಲ್ಲಿ ಒಂದು ಹಳೆಯ ಪ್ರಕರಣ ನೆನಪಾಗುತ್ತದೆ. ಕನ್ನಡದ ಸಮಾಜವಾದಿಗಳೂ ಸಾಹಿತಿಗಳೂ ಗುರುವೆಂದು ಭಾವಿಸಿದ್ದ ರಾಮಮನೋಹರ ಲೋಹಿಯಾ ಅವರನ್ನು 1965ರ ಆಗಸ್ಟಿನಲ್ಲಿ ಪಾಟ್ನಾದಲ್ಲಿ ಬಂಧಿಸಲಾಯಿತು. ಭಾರತ ರಕ್ಷಣಾ ನಿಯಮದ ಪ್ರಕಾರ ‘ಸಾರ್ವಜನಿಕ ಸುವ್ಯವಸ್ಥೆ’ಯ ಕಾರಣಕ್ಕೆ ಬಂಧಿಸಬಹುದಿತ್ತು. ಆದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಆದೇಶದಲ್ಲಿದ್ದುದು ‘ಕಾನೂನು ಮತ್ತು ಸುವ್ಯವಸ್ಥೆ’ ಎಂಬ ಪದ. ನನ್ನ ಮನಸ್ಸಿನಲ್ಲಿದ್ದುದು ಸಾರ್ವಜನಿಕ ಸುವ್ಯವಸ್ಥೆಯೇ ಎಂಬ ಸಮಜಾಯಿಷಿಯನ್ನು ಸುಪ್ರೀಂ ಕೋರ್ಟಿನ ಬಹುಮತ ಒಪ್ಪಲಿಲ್ಲ. ನ್ಯಾಯಮೂರ್ತಿ ಹಿದಾಯತುಲ್ಲಾ ಒಂದರೊಳಗೊಂದು ಮೂರು ವೃತ್ತಗಳನ್ನು ಕಲ್ಪಿಸಿಕೊಳ್ಳಲು ಹೇಳಿದರು. ದೊಡ್ಡ ವೃತ್ತ ಕಾನೂನು ಮತ್ತು ಸುವ್ಯವಸ್ಥೆಯದು, ಅದರೊಳಗಿನದು ಸಾರ್ವಜನಿಕ ಸುವ್ಯವಸ್ಥೆಯದು, ಎಲ್ಲಕ್ಕಿಂತ ಒಳಗಿನದು ರಾಜ್ಯದ ಭದ್ರತೆಯದು. ದೊಡ್ಡ ವೃತ್ತಕ್ಕೆ ಧಕ್ಕೆಯಾದ ಮಾತ್ರಕ್ಕೆ ಒಳಗಿನದಕ್ಕೆ ಧಕ್ಕೆಯಾಯಿತು ಎಂದಾಗುವುದಿಲ್ಲ. 1965ರ ಸೆಪ್ಟೆಂಬರ್ 7ರಂದು ಲೋಹಿಯಾ ಬಿಡುಗಡೆಯಾದರು. ಒಂದು ಪದದ ವ್ಯತ್ಯಾಸ ಒಬ್ಬ ಮನುಷ್ಯನನ್ನು ಜೈಲಿನಿಂದ ಹೊರತಂದಿತು.

ಸೆರೆಮನೆಗೂ ಸಮವಸ್ತ್ರಕ್ಕೂ ಹೋಲಿಕೆಯೇ ಎಂದು ಕೇಳಬಹುದು. ಸೆರೆಮನೆಯಷ್ಟು ಗಂಭೀರವಲ್ಲ, ನಿಜ. ಆದರೆ ಕಾಲೇಜಿನ ಗೇಟಿನ ಹೊರಗೆ ನಿಂತು, ಗೆಳತಿಯರು ಪರೀಕ್ಷೆ ಬರೆದು ಬರುವುದನ್ನು ನೋಡಿದ ಹುಡುಗಿಗೆ ಅದೇನೂ ಸಣ್ಣ ಸಂಗತಿಯಾಗಿರಲಿಲ್ಲ.

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅದೇ ತೀರ್ಪಿನ ಇನ್ನೊಂದು ಭಾಗ. ಸರಕಾರದ ಪದಕ್ಕೆ ಸಾಮಾನ್ಯ ತಿಳಿವಳಿಕೆಯ ರಿಯಾಯಿತಿ ಸಿಕ್ಕಿತು. ಹುಡುಗಿಯರ ಪದಕ್ಕೆ ಸಿಕ್ಕಿತೇ? ಅವರು ‘ಇದು ನಮ್ಮ ಧರ್ಮದ ಆಚರಣೆ’ ಎಂದಾಗ, ಅದು ‘ಅತ್ಯಗತ್ಯ’ ಆಚರಣೆಯೇ ಎಂಬ ಪರೀಕ್ಷೆ ನಡೆಯಿತು. ಕುರ್‌ಆನಿನ ವಚನಗಳು, ಅಬ್ದುಲ್ಲಾ ಯೂಸುಫ್ ಅಲಿಯವರ ಅನುವಾದ, ಅದರ ಅಡಿಟಿಪ್ಪಣಿಗಳು ಎಲ್ಲವನ್ನೂ ತೆರೆದು ಪದ ಪದವಾಗಿ ನೋಡಲಾಯಿತು. ಕುರ್‌ಆನಿನಲ್ಲಿ ‘ಹಿಜಾಬ್’ ಎಂಬ ಪದಕ್ಕೆ ತೆರೆ, ಪರದೆ ಎಂಬ ಅರ್ಥವಿದೆ. ತಲೆವಸ್ತ್ರಕ್ಕೆ ಬರುವ ಪದ ‘ಖಿಮಾರ್’. ಇದು ಮದ್ರಸಾದ ವಿದ್ಯಾರ್ಥಿಗೂ ಗೊತ್ತಿರುವ ವಿಷಯ. ಆದರೆ ಆ ಹುಡುಗಿಯರು ಮನೆಯಲ್ಲಿ, ಬೀದಿಯಲ್ಲಿ ಹಿಜಾಬ್ ಎನ್ನುವಾಗ ಏನನ್ನು ಹೇಳುತ್ತಾರೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅಂದರೆ ಅಧಿಕಾರಿಯ ಪದವನ್ನು ಸಡಿಲವಾಗಿ ಓದಬೇಕು, ಹದಿನೇಳರ ಹುಡುಗಿಯ ಪದವನ್ನು ಮಾತ್ರ ಗ್ರಂಥ ತೆರೆದು ಬಿಗಿಯಾಗಿ ಓದಬೇಕು ಎಂದಾಯಿತು.

‘ಅತ್ಯಗತ್ಯ’ ಎಂಬ ಪದದ ಚರಿತ್ರೆಯೂ ಸ್ವಾರಸ್ಯವಾಗಿದೆ. ಅದು ನಮ್ಮ ಕಾನೂನಿಗೆ ಬಂದದ್ದು ಉಡುಪಿಯ ಶಿರೂರು ಮಠದ ಮೊಕದ್ದಮೆಯಿಂದ, 1954ರಲ್ಲಿ. ಉಡುಪಿ ಆಗ ಮದ್ರಾಸ್ ರಾಜ್ಯದಲ್ಲಿತ್ತು. ಮಠದ ವ್ಯವಹಾರದಲ್ಲಿ ಸರಕಾರ ಎಲ್ಲಿಯವರೆಗೆ ಕೈ ಹಾಕಬಹುದು ಎಂಬುದು ಪ್ರಶ್ನೆಯಾಗಿತ್ತು. ಒಂದು ಧರ್ಮಕ್ಕೆ ಅಗತ್ಯವಾದದ್ದು ಯಾವುದು ಎಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು ಎಂದು ಸುಪ್ರೀಂ ಕೋರ್ಟು ಅಂದು ಹೇಳಿತು. ಅಲ್ಲಿ ಆ ಪದ ಧರ್ಮಕ್ಕೆ ರಕ್ಷಣೆಯ ಬೇಲಿಯಾಗಿತ್ತು. ಮುಂದಿನ ದಶಕಗಳ ತೀರ್ಪುಗಳಲ್ಲಿ ಅದು ನಿಧಾನವಾಗಿ ಧರ್ಮವನ್ನು ಒರೆಗೆ ಹಚ್ಚುವ ಕಲ್ಲಾಯಿತು. ಮಠಕ್ಕೆ ಬೇಲಿಯಾಗಿ ನಿಂತ ಪದವೇ ಅರವತ್ತೆಂಟು ವರ್ಷಗಳ ನಂತರ ಅದೇ ಉಡುಪಿಯ ವಿದ್ಯಾರ್ಥಿನಿಯರ ಎದುರು ಗೋಡೆಯಾಗಿ ನಿಂತಿತು. ಸುಪ್ರೀಂ ಕೋರ್ಟಿನಲ್ಲಿ 2022ರ ಅಕ್ಟೋಬರ್ 13ರಂದು ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಅತ್ಯಗತ್ಯವೋ ಅಲ್ಲವೋ ಎಂಬ ಪ್ರಶ್ನೆಯೇ ಇಲ್ಲಿ ಬೇಕಿರಲಿಲ್ಲ, ಹೆಣ್ಣುಮಗುವಿನ ಓದು ಮುಖ್ಯ ಎಂಬುದು ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರ ನಿಲುವಾಗಿತ್ತು.

ಈ ಕಥೆಗೆ ನಂಜನಗೂಡಿನ ಒಂದು ತುಣುಕೂ ಇದೆ. 2023ರ ಡಿಸೆಂಬರ್ 22ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ನಂಜನಗೂಡು ತಾಲೂಕಿನಲ್ಲಿ ಪೊಲೀಸ್ ಠಾಣೆಗಳ ಉದ್ಘಾಟನೆಗೆ ಬಂದಿದ್ದಾಗ, ಹಿಜಾಬ್ ಕುರಿತ ಆದೇಶವನ್ನು ವಾಪಸ್ ಪಡೆಯಲು ಹೇಳಿದ್ದೇನೆ ಎಂದರು. ಸಭೆಯಲ್ಲಿ ಚಪ್ಪಾಳೆ ಬಿತ್ತು. ಮರುದಿನ, ಸರಕಾರ ಈ ಬಗ್ಗೆ ಚಿಂತನೆ ನಡೆಸಿದೆ, ಚರ್ಚಿಸಿ ತೀರ್ಮಾನಿಸುತ್ತೇವೆ ಎಂಬ ಸ್ಪಷ್ಟನೆ ಬಂತು. ‘ವಾಪಸ್’ ಎಂಬ ಪದಕ್ಕೆ ಕೇಳಿದವರು ಕೊಟ್ಟ ಅರ್ಥ ಒಂದು, ಆಡಿದವರು ಕೊಟ್ಟ ಅರ್ಥ ಇನ್ನೊಂದು. ನಮ್ಮ ಪರ ಮಾತನಾಡುವವರ ಪದಗಳನ್ನೂ ತೂಗಿ ನೋಡುವ ಅಭ್ಯಾಸ ನಮಗೆ ಬೇಕು.

ನಮ್ಮ ಮನೆಯ ಸೇರು

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಕಡೆಗೂ ತಿರುಗಬೇಕು. ಕುರ್‌ಆನಿನ ‘ಅಲ್ ಮುತಫ್ಫಿಫೀನ್’ ಎಂಬ ಅಧ್ಯಾಯವು ಅಳತೆಯಲ್ಲಿ ಮೋಸ ಮಾಡುವವರನ್ನು ಕುರಿತದ್ದ್ದು. ತಾವು ಪಡೆಯುವಾಗ ತುಂಬಿಸಿ ಅಳೆದುಕೊಂಡು, ಕೊಡುವಾಗ ಕಡಿಮೆ ಅಳೆಯುವವರಿಗೆ ಅಲ್ಲಿ ಕಠಿಣ ಎಚ್ಚರಿಕೆಯಿದೆ. ನಮ್ಮ ಸಂತೆಯ ಭಾಷೆಯಲ್ಲಿ ಹೇಳುವುದಾದರೆ, ಕೊಳ್ಳುವುದಕ್ಕೊಂದು ಸೇರು, ಮಾರುವುದಕ್ಕೊಂದು ಸೇರು ಇಟ್ಟುಕೊಂಡವರಿಗೆ. ಆ ಎಚ್ಚರಿಕೆ ರಾಗಿ, ಭತ್ತದ ವ್ಯಾಪಾರಕ್ಕೆ ಮಾತ್ರ ಸೀಮಿತವೇ? ಪದಗಳ ವ್ಯಾಪಾರಕ್ಕೂ ಅದು ಅನ್ವಯಿಸಬೇಕಲ್ಲವೇ?

‘ಕಾಫಿರ್’ ಎಂಬ ಪದವನ್ನು ತೆಗೆದುಕೊಳ್ಳಿ. ಈ ಪದದ ಬಗ್ಗೆ ಯಾರಾದರೂ ಆಕ್ಷೇಪ ಎತ್ತಿದರೆ ನಮ್ಮ ಭಾಷಣಕಾರರ ಬಳಿ ಸಿದ್ಧ ಉತ್ತರವೊಂದಿದೆ. ಅದರ ಮೂಲ ಅರ್ಥ ‘ಮುಚ್ಚುವವನು’, ಬೀಜವನ್ನು ಮಣ್ಣಿನಲ್ಲಿ ಮುಚ್ಚುವ ರೈತನನ್ನೂ ಅರಬಿಯಲ್ಲಿ ಹಾಗೆ ಕರೆಯುತ್ತಾರೆ, ಕುರ್‌ಆನಿನಲ್ಲೇ ಒಂದೆಡೆ ಆ ಅರ್ಥದಲ್ಲಿ ಬಂದಿದೆ, ಆದ್ದರಿಂದ ಅದು ಬೈಗುಳವಲ್ಲ ಎಂದು. ಇದೆಲ್ಲ ನಿಜ. ಆ 57ನೇ ಅಧ್ಯಾಯದ ವಚನವನ್ನು ಬಹುತೇಕ ವ್ಯಾಖ್ಯಾನಕಾರರು ಹಾಗೆಯೇ ಅರ್ಥೈಸಿದ್ದಾರೆ. ಆದರೆ ಪ್ರಾಮಾಣಿಕವಾಗಿ ಕೇಳಿಕೊಳ್ಳೋಣ. ಬೀದಿಯಲ್ಲಿ ಸಿಟ್ಟಿನಿಂದ ಆ ಪದವನ್ನು ನೆರೆಯವನ ಮೇಲೆ ಎಸೆಯುವ ಹುಡುಗನಿಗೆ ರೈತನ ನೆನಪಾಗಿರುತ್ತದೆಯೇ? ಕೇಳಿಸಿಕೊಂಡವನಿಗೆ ಬೀಜ ಬಿತ್ತುವ ಚಿತ್ರ ಕಣ್ಣ ಮುಂದೆ ಬರುತ್ತದೆಯೇ? ಸಲಾಂ ಎಂಬ ಪದದ ವಿಷಯದಲ್ಲಿ ಮೂಲ ಬೇಡ, ಬಳಕೆಯನ್ನು ನೋಡಿ ಎನ್ನುವ ನಾವು, ಕಾಫಿರ್ ಪದದ ವಿಷಯ ಬಂದಾಗ ಬಳಕೆ ಬೇಡ, ಮೂಲವನ್ನು ನೋಡಿ ಎನ್ನುತ್ತೇವೆ. ಇದು ಎರಡು ಸೇರಿನ ವ್ಯಾಪಾರವಲ್ಲದೆ ಇನ್ನೇನು?

ಪದಕ್ಕೆ ಮಸೀದಿಯೊಳಗೆ, ವಿಶ್ವಾಸಶಾಸ್ತ್ರದ ಪಾಠದಲ್ಲಿ ಒಂದು ನಿರ್ದಿಷ್ಟ ಅರ್ಥವಿದೆ. ಆ ಜಾಗದಲ್ಲಿ ಅದರ ಸ್ಥಾನವನ್ನು ಯಾರೂ ಕಸಿಯಬೇಕಿಲ್ಲ. ಬೀದಿಗೆ ತಂದಾಗ ಬೀದಿಯ ತೂಕವನ್ನೂ ಒಪ್ಪಿಕೊಳ್ಳಬೇಕು. ಇಂಡೋನೇಷ್ಯಾದ ನಹ್ದತುಲ್ ಉಲಮಾ, ಕೋಟ್ಯಂತರ ಅನುಯಾಯಿಗಳಿರುವ ಧಾರ್ಮಿಕ ಸಂಘಟನೆ, 2019ರಲ್ಲಿ ಪಶ್ಚಿಮ ಜಾವಾದ ಬಂಜಾರ್ ಎಂಬ ಊರಿನ ಸಮಾವೇಶದಲ್ಲಿ ಇದನ್ನೇ ಚರ್ಚಿಸಿತು. ನಾಗರಿಕ ಬದುಕಿನಲ್ಲಿ ಮುಸ್ಲಿಮೇತರರನ್ನು ಕಾಫಿರ್ ಎಂದು ಕರೆಯಬಾರದು, ಅವರು ನಮ್ಮಂತೆಯೇ ದೇಶದ ನಾಗರಿಕರು, ‘ಮುವಾತಿನ್’ ಎನ್ನಬೇಕು ಎಂದು ಅದರ ವಿದ್ವಾಂಸರು ತೀರ್ಮಾನಿಸಿದರು. ಅವರು ಕುರ್‌ಆನಿನ ಒಂದು ಪದವನ್ನೂ ಅಳಿಸಲಿಲ್ಲ. ಅದರ ಜಾಗ ಯಾವುದು, ಜಾಗ ತಪ್ಪಿದಾಗ ಯಾರಿಗೆ ನೋವಾಗುತ್ತದೆ ಎಂಬುದನ್ನಷ್ಟೇ ಕೇಳಿದರು. ನಮ್ಮ ಜಮಾಅತುಗಳಲ್ಲಿ, ಜುಮಾ ಭಾಷಣಗಳಲ್ಲಿ ಇಂತಹ ಒಂದು ಪ್ರಶ್ನೆ ಎದ್ದದ್ದು ಎಷ್ಟು ಸಲ?

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ತೂಕ ತಪ್ಪುತ್ತದೆ. ನಮ್ಮ ವಿರುದ್ಧ ಹರಿಯಬಿಟ್ಟ ಪದಗಳನ್ನೂ ಅವು ಓಡಾಡುವ ಜಾಗದಲ್ಲೇ ತೂಗಬೇಕು. ‘ಲವ್ ಜಿಹಾದ್’ ಎಂಬ ಪದಕ್ಕೆ ಈಗಿನ ಕಾನೂನಿನಲ್ಲಿ ವ್ಯಾಖ್ಯೆಯಿಲ್ಲ, ಕೇಂದ್ರದ ಸಂಸ್ಥೆಗಳು ಅಂತಹ ಪ್ರಕರಣ ವರದಿ ಮಾಡಿಲ್ಲ ಎಂದು ಕೇಂದ್ರ ಗೃಹ ಖಾತೆಯೇ 2020ರ ಫೆಬ್ರವರಿಯಲ್ಲಿ ಲೋಕಸಭೆಗೆ ತಿಳಿಸಿತ್ತು. ಅದಕ್ಕೆ ಉತ್ತರವಾಗಿ ಜಿಹಾದ್ ಎಂದರೆ ‘ಪರಿಶ್ರಮ’ ಎಂದು ನಿಘಂಟು ತೆರೆದು ತೋರಿಸುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಆ ಪದ ಒಬ್ಬ ಹುಡುಗ, ಒಬ್ಬ ಹುಡುಗಿ ಜೊತೆಯಾಗಿ ಬಸ್ಸು ಹತ್ತುವುದನ್ನು ಅಪಾಯಕಾರಿ ಮಾಡಿದೆ ಎಂಬುದೇ ಅದರ ನಿಜವಾದ ಅರ್ಥ. ಉತ್ತರ ಕೊಡಬೇಕಾದದ್ದು ಆ ಅರ್ಥಕ್ಕೆ.

ತಾಂಡ್ಯದ ಟೀ ಅಂಗಡಿಯ ಮಾತಿಗೆ ಮತ್ತೆ ಬರೋಣ. ಕಾಯಂ ಎಂದರೆ ಬ್ಯಾಂಕಿನವರು ಸಾಲ ಕೊಡುತ್ತಾರೆ ಎಂದರ್ಥ ಎಂದವರು ಪದವನ್ನು ನೋಡಿದ ಬಗೆ ನಮಗೆ ಪಾಠವಾಗಬೇಕು. ಈ ಪದ ಅನ್ವಯವಾದರೆ ಯಾರಿಗೆ ಏನು ಸಿಗುತ್ತದೆ, ಯಾರ ಕೈಯಿಂದ ಏನು ತಪ್ಪುತ್ತದೆ ಎಂದು ಅವರು ಕೇಳಿಕೊಂಡಿದ್ದರು. ಆರತಿಯ ಹೆಸರು ಬದಲಿಸುವ ಮುನ್ನ, ಸುತ್ತೋಲೆಗೆ ಸಹಿ ಹಾಕುವ ಮುನ್ನ, ಮೈಕಿನ ಮುಂದೆ ನಿಲ್ಲುವ ಮುನ್ನ ಅದೇ ಪ್ರಶ್ನೆಯನ್ನು ಕೇಳಿಕೊಂಡರೆ ಎಷ್ಟೋ ಜಗಳಗಳು ಹುಟ್ಟುವುದೇ ಇಲ್ಲ. ಹುಟ್ಟಿದವು ಕೂಡ ಯಾವುದರ ಬಗ್ಗೆ ಎಂಬುದಾದರೂ ಸ್ಪಷ್ಟವಾಗುತ್ತದೆ. ನಂಜನಗೂಡಿನಲ್ಲಿ ಹಕೀಮನ ಹೆಸರು ಹಿಡಿದು ಹರಕೆ ಹೊರುವ ರೋಗಿಗೆ ಆ ಪದದ ಮೂಲ ಗೊತ್ತಿಲ್ಲದಿರಬಹುದು. ತನಗೆ ಬೇಕಾದದ್ದು ಗುಣವಾಗುವುದು ಎಂಬುದು ಮಾತ್ರ ಚೆನ್ನಾಗಿ ಗೊತ್ತಿದೆ.